ಬೀಚಿಗೆ ಪ್ಲ್ಯಾನ್ ಉಂಟು, ಬಾವಿಯ ಲೆಕ್ಕ ಕೇಳುವವರು ಯಾರು?

2025ರ ಡಿಸೆಂಬರಿನಲ್ಲಿ ಸ್ಥಳೀಯಾಡಳಿತ ಚುನಾವಣೆ ಮುಗಿದು ನಮ್ಮ ಕಾಸರಗೋಡಿನ ಪಂಚಾಯತುಗಳಿಗೆ ಹೊಸ ಆಡಳಿತ ಸಮಿತಿಗಳು ಬಂದಿವೆ. ಯಾವ ಪಕ್ಷದ ಆಡಳಿತವಾದರೂ ಒಂದು ಮಾತು ಮಾತ್ರ ಎಲ್ಲ ಕಡೆ ಕೇಳಿಸ್ತದೆ, ಟೂರಿಸಂ. ಮಂಜೇಶ್ವರದವರಿಗೆ ಕಣ್ವತೀರ್ಥದ ಬೀಚ್, ಪೈವಳಿಕೆಯವರಿಗೆ ಪೊಸಡಿಗುಂಪೆ, ಕುಂಬಳೆಯವರಿಗೆ ಆರಿಕ್ಕಾಡಿ ಕೋಟೆ ಮತ್ತು ಕಿದೂರಿನ ಹಕ್ಕಿಗಳು, ತೆಂಕಿನವರಿಗೆ ಬೇಕಲ, ಇನ್ನೂ ತೆಂಕಿಗೆ ಹೋದರೆ ವಲಿಯಪರಂಬದ ಹಿನ್ನೀರು. ಹೆದ್ದಾರಿ ಆರು ಪಥ ಆಗಿದೆ. ಕುಂಜತ್ತೂರಿನಿಂದ ಶುರುವಾಗುವ ಕರಾವಳಿ ಹೆದ್ದಾರಿಯ ಯೋಜನೆಯೂ ಉಂಟು. ಮಂಗಳೂರಿನಿಂದ ಒಂದು ಗಂಟೆಯೊಳಗೆ ಬಂದು ಮುಟ್ಟುವ ಜಾಗಗಳಿಗೆ ಜನ ಬರುವುದು ಸಹಜ.

ಬರಲಿ. ಗಲ್ಫಿನ ದಾರಿ ಮೊದಲಿನ ಹಾಗೆ ಸಲೀಸಾಗಿಲ್ಲದ ಈ ಕಾಲದಲ್ಲಿ ನಮ್ಮ ಹುಡುಗರಿಗೆ ಊರಲ್ಲೇ ಕೆಲಸ ಸಿಗುವುದಾದರೆ ಬೇಡ ಎನ್ನುವವನು ನಾನಲ್ಲ. ಹೋಂಸ್ಟೇ, ಹೋಟೆಲ್, ಟ್ಯಾಕ್ಸಿ, ಮೀನು, ಕೋಳಿ, ತರಕಾರಿ ಎಲ್ಲದಕ್ಕೂ ವ್ಯಾಪಾರ ಸಿಗ್ತದೆ. ನನ್ನದೂ ಒಂದು ಸಣ್ಣ ಅಂಗಡಿ, ಜನ ಬಂದರೆ ನನಗೂ ಲಾಭವೇ. ಆದರೆ ಬಿಕಾಂ ಓದುವಾಗ ಮೊದಲ ವರ್ಷವೇ ಕಲಿಸಿದ ಪಾಠವೊಂದು ಉಂಟು: ಬಂಡವಾಳ ಬೇರೆ, ಆದಾಯ ಬೇರೆ. ಅಂಗಡಿಯ ಸ್ಟಾಕ್ ಮಾರಿ ಬಂದ ಹಣದಲ್ಲಿ ಹೊಸ ಸ್ಟಾಕ್ ಹಾಕದೆ ಪೂರ್ತಿ ಲಾಭ ಅಂತ ಬರೆದುಕೊಂಡರೆ ಎರಡೇ ವರ್ಷದಲ್ಲಿ ಶಟರ್ ಎಳೆಯಬೇಕಾಗ್ತದೆ. ನಮ್ಮ ಕರಾವಳಿಯ ಬಂಡವಾಳ ಅಂದರೆ ಬಾವಿಯ ನೀರು ಮತ್ತು ಅದನ್ನು ತುಂಬಿಸುವ ಬೈಲು. ಟೂರಿಸಂನ ಯಾವ ಪ್ಲ್ಯಾನಿನಲ್ಲೂ ಈ ಬಂಡವಾಳದ ಲೆಕ್ಕ ಕಾಣುವುದಿಲ್ಲ. ಈ ಲೇಖನ ಆ ಲೆಕ್ಕದ ಬಗ್ಗೆ.

ಜನ ಜಾಸ್ತಿಯಾದ್ದೇ ಕಾರಣವಾ?

ನೀರಿನ ಮಾತು ಬಂದಾಗ ಎಲ್ಲರೂ ಹೇಳುವುದು ಒಂದೇ, "ಜನಸಂಖ್ಯೆ ಹೆಚ್ಚಾಯಿತು ಮಾರಾಯ್ರೆ". ಅಂಕಿ ನೋಡಿದರೆ ಇದು ಅರ್ಧ ಸತ್ಯ ಮಾತ್ರ. 2001ರ ಜನಗಣತಿಯಲ್ಲಿ ಕಾಸರಗೋಡು ಜಿಲ್ಲೆಯ ಜನಸಂಖ್ಯೆ ಸುಮಾರು 12 ಲಕ್ಷ. 2011ರಲ್ಲಿ 13 ಲಕ್ಷಕ್ಕೆ ಸ್ವಲ್ಪ ಮೇಲೆ. ಹತ್ತು ವರ್ಷದಲ್ಲಿ ಏರಿದ್ದು ಶೇ. 9ಕ್ಕಿಂತ ಕಡಿಮೆ. ಚದರ ಕಿಲೋಮೀಟರಿಗೆ ಸುಮಾರು 650 ಜನ. ಇಡೀ ಕೇರಳದ ಸರಾಸರಿ 860ರ ಹತ್ತಿರ ಇರುವಾಗ ನಮ್ಮದು ಅಷ್ಟೇನೂ ಇಕ್ಕಟ್ಟಿನ ಜಿಲ್ಲೆಯಲ್ಲ.

ಹಾಗಾದರೆ ಏರಿದ್ದು ಎಂತ? ಮನೆಗಳ ಸಂಖ್ಯೆ. ಹಿಂದೆ ಒಂದು ಹಳೆ ಮನೆಯಲ್ಲಿ ಅಜ್ಜ, ಅಜ್ಜಿ, ಮಕ್ಕಳು, ಸೊಸೆಯಂದಿರು ಅಂತ ಇಪ್ಪತ್ತು ಮಂದಿ ಇದ್ದರು, ಬಾವಿ ಒಂದೇ. ಈಗ ಅದೇ ಕುಟುಂಬಕ್ಕೆ ಐದು ಮನೆ, ಐದು ಬಾವಿ ಅಥವಾ ಬೋರ್‌ವೆಲ್, ಐದು ಅಂಗಳಕ್ಕೂ ಇಂಟರ್‌ಲಾಕ್. ಹಗ್ಗದಲ್ಲಿ ಎಳೆಯುವಾಗ ಒಂದು ಕೊಡ ನೀರಿಗೂ ಬೆಲೆ ಇತ್ತು. ಟ್ಯಾಂಕಿಗೆ ಪಂಪ್ ಮಾಡಿ ಶವರ್ ತಿರುಗಿಸುವಾಗ ಆ ಬೆಲೆ ಗೊತ್ತಾಗುವುದಿಲ್ಲ. 2011ರ ಗಣತಿಯ ಪ್ರಕಾರ ಕೇರಳದಲ್ಲಿ 10 ಲಕ್ಷಕ್ಕೂ ಹೆಚ್ಚು ಮನೆಗಳು ಖಾಲಿ ಇದ್ದವು. ವರ್ಷಕ್ಕೆ ಒಂದು ತಿಂಗಳು ಬೀಗ ತೆಗೆಯುವ ದೊಡ್ಡ ಮನೆಗಳು ನಮ್ಮ ಊರುಗಳಲ್ಲೂ ಎಷ್ಟು ಉಂಟು ಎಂದು ಎಲ್ಲರಿಗೂ ಗೊತ್ತು. ಮನುಷ್ಯರಿಲ್ಲದ ಮನೆ ನೀರು ಕುಡಿಯುವುದಿಲ್ಲ ನಿಜ. ಆದರೆ ಅದಕ್ಕೆ ಬೇಕಾದ ಕೆಂಪುಕಲ್ಲು ಯಾವುದೋ ಗುಡ್ಡದಿಂದ, ಹೊಯ್ಗೆ ಯಾವುದೋ ಹೊಳೆಯಿಂದ, ಮಣ್ಣು ಯಾವುದೋ ಪದವಿನಿಂದ ಬಂದಿದೆ. ಮಳೆನೀರು ಇಂಗುವ ಜಾಗದಲ್ಲಿ ಅದು ಕೂತಿದೆ.

ಆದ್ದರಿಂದ ಹೆರಿಗೆ ಆಸ್ಪತ್ರೆಯ ಲೆಕ್ಕ ಹಿಡಿದುಕೊಂಡು ಯಾವುದೋ ಒಂದು ಸಮುದಾಯದತ್ತ ಬೆರಳು ತೋರಿಸುವವರಿಗೆ ನಮ್ಮ ಉತ್ತರ ಸ್ಪಷ್ಟ ಇರಲಿ. ತಲೆ ಎಣಿಸಿದರೆ ಈ ಸಮಸ್ಯೆ ಅರ್ಥ ಆಗುವುದಿಲ್ಲ, ಚಾವಣಿ ಮತ್ತು ಪಂಪು ಎಣಿಸಬೇಕು. ಹಾಗೆ ಎಣಿಸಲು ಕೂತರೆ ಅದರಲ್ಲಿ ನಮ್ಮ ಮನೆಗಳೂ ಬರ್ತವೆ ಎಂಬುದನ್ನು ಒಪ್ಪಿಕೊಳ್ಳುವ ಧೈರ್ಯವೂ ನಮಗಿರಬೇಕು.

ಇಷ್ಟು ಮಳೆ ಬಂದೂ ಕ್ರಿಟಿಕಲ್!

ಕಾಸರಗೋಡಿನಲ್ಲಿ ವರ್ಷಕ್ಕೆ ಸರಾಸರಿ 3,500 ಮಿಲಿಮೀಟರ್ ಹತ್ತಿರ ಮಳೆ ಬೀಳ್ತದೆ. ಕೇರಳದ 44 ಹೊಳೆಗಳಲ್ಲಿ 12 ನಮ್ಮ ಜಿಲ್ಲೆಯಲ್ಲೇ ಉಂಟು ಅಂತ ಶಾಲೆಯಲ್ಲಿ ಹೇಳಿಕೊಡ್ತಾರೆ. ಹೀಗಿದ್ದೂ ಕೇಂದ್ರ ಅಂತರ್ಜಲ ಮಂಡಳಿಯ 2017ರ ಲೆಕ್ಕದಲ್ಲಿ ಕಾಸರಗೋಡು ಬ್ಲಾಕ್ 'ಕ್ರಿಟಿಕಲ್' ಪಟ್ಟಿಯಲ್ಲಿತ್ತು. ಕ್ರಿಟಿಕಲ್ ಅಂದರೆ ಒಂದು ವರ್ಷದಲ್ಲಿ ತೆಗೆಯಬಹುದಾದ ಅಂತರ್ಜಲದಲ್ಲಿ ಶೇ. 90ರಿಂದ 100ರಷ್ಟನ್ನು ಆಗಲೇ ತೆಗೆಯುತ್ತಿದ್ದೇವೆ ಎಂದು ಅರ್ಥ. ವ್ಯಾಪಾರಿ ಭಾಷೆಯಲ್ಲಿ ಹೇಳುವುದಾದರೆ ಓವರ್‌ಡ್ರಾಫ್ಟ್ ಲಿಮಿಟ್ ಮುಗಿಯುತ್ತಾ ಬಂದಿದೆ.

ಕಾರಣ ಕಷ್ಟದ್ದೇನಲ್ಲ. ಮಳೆಯ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಘಟ್ಟದಿಂದ ಕಡಲಿಗೆ ದೂರ ಕಡಿಮೆ, ಹೊಳೆಗಳು ಗಿಡ್ಡ. ಮಂಜೇಶ್ವರ ಹೊಳೆಯ ಉದ್ದ ಬರೀ 16 ಕಿಲೋಮೀಟರ್, ಕೇರಳದಲ್ಲೇ ಅತಿ ಸಣ್ಣದು. ಹಿಡಿದು ನಿಲ್ಲಿಸದಿದ್ದರೆ ಬಿದ್ದ ಮಳೆ ಕೆಲವೇ ಗಂಟೆಗಳಲ್ಲಿ ಸಮುದ್ರ ಸೇರ್ತದೆ.

ನಮ್ಮ ಹಿರಿಯರು ಹಿಡಿದು ನಿಲ್ಲಿಸುತ್ತಿದ್ದರು. ಬಾಯಾರು, ಎಣ್ಮಕಜೆ ಕಡೆ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗಗಳು, ಮಳೆನೀರು ಇಂಗಿಸುವ ಮದಕಗಳು, ಮಳೆಗಾಲ ಮುಗಿದ ಮೇಲೆ ತೋಡಿಗೆ ಅಡ್ಡ ಹಾಕುವ ಕಟ್ಟಗಳು. ಕುಂಬ್ಡಾಜೆಯ ಏತಡ್ಕದಲ್ಲಿ ಕೃಷಿಕರು ಇಂಥ ಕಟ್ಟಗಳ ಸಾಲನ್ನೇ ಉಳಿಸಿಕೊಂಡು ಬಂದವರು. ಪತ್ರಕರ್ತ ಶ್ರೀಪಡ್ರೆಯವರು ಈ ಬಗ್ಗೆ ದಶಕಗಳಿಂದ ಬರೆಯುತ್ತಾ ಬಂದಿದ್ದಾರೆ. ಬೋರ್‌ವೆಲ್ ಬಂದ ಮೇಲೆ ಹೆಚ್ಚಿನ ಊರಲ್ಲಿ ಕಟ್ಟ ಹಾಕುವ ಕೆಲಸ ನಿಂತಿತು. ಕಟ್ಟಕ್ಕೆ ಹತ್ತು ಮನೆಯವರು ಒಟ್ಟಾಗಬೇಕು, ಬೋರಿಗೆ ಒಬ್ಬನ ಹಣ ಸಾಕು.

ಕಡಲತೀರದಲ್ಲಿ ಇನ್ನೊಂದು ಅಪಾಯ ಉಂಟು. ಅಲ್ಲಿನ ಹೊಯ್ಗೆ ನೆಲದ ಅಡಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡು ನಿಂತಿರ್ತದೆ, ಎಣ್ಣೆ ನೀರಿನ ಮೇಲೆ ನಿಂತ ಹಾಗೆ. ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ಇದ್ದರೆ, ಅದರ ಭಾರಕ್ಕೆ ಕೆಳಗೆ ಸುಮಾರು 40 ಅಡಿ ಆಳದ ತನಕ ಉಪ್ಪುನೀರು ಹಿಂದೆ ಸರಿದಿರ್ತದೆ. ವಿಜ್ಞಾನದ ಈ ಲೆಕ್ಕ ನೂರು ವರ್ಷಕ್ಕೂ ಹಳೆಯದು. ಇದನ್ನು ತಿರುಗಿಸಿ ಓದಿ ನೋಡಿ. ನಾವು ಪಂಪ್ ಇಟ್ಟು ಮೇಲಿನ ನೀರನ್ನು ಒಂದು ಅಡಿ ಇಳಿಸಿದರೆ ಕೆಳಗಿನ ಉಪ್ಪು ನಿಧಾನಕ್ಕೆ 40 ಅಡಿ ಮೇಲೆ ಏರಲು ದಾರಿ ಆಗ್ತದೆ. ಒಬ್ಬರ ಜಾಗದ ಬೋರ್ ಎಳೆಯುತ್ತದೆ, ಪಕ್ಕದ ಹತ್ತು ಮನೆಯ ಬಾವಿ ಉಪ್ಪಾಗುತ್ತದೆ. ಒಮ್ಮೆ ಉಪ್ಪಾದ ನೀರು ಸಿಹಿಯಾಗಲು ಹಲವು ಮಳೆಗಾಲ ಬೇಕು.

ನನ್ನ ಅಂಗಡಿಯಲ್ಲಿ ಮಾರುವುದು ಪೈಪು ಮತ್ತು ಪಂಪು. ಹತ್ತು ವರ್ಷದ ಹಿಂದೆ ಕಡಲ ಬದಿಯ ಗಿರಾಕಿಗಳು ಅರ್ಧ ಎಚ್‌ಪಿ ಮೋಟಾರು, ಮೂವತ್ತು ಅಡಿ ಪೈಪು ಕೇಳುತ್ತಿದ್ದರು. ಈಗ ಒಂದೂವರೆ ಎಚ್‌ಪಿ ಕೇಳ್ತಾರೆ, ಅದರ ಜೊತೆಗೆ ಫಿಲ್ಟರನ್ನೂ ಕೇಳ್ತಾರೆ. ಎಪ್ರಿಲ್, ಮೇಯಲ್ಲಿ ನನ್ನ ವ್ಯಾಪಾರ ಏರುತ್ತದೆ ಅಂದರೆ ಎಲ್ಲೋ ಬಾವಿ ಇಳಿದಿದೆ ಅಂತಲೇ ಲೆಕ್ಕ.

ಉಪ್ಪುನೀರಿನ ಬೆಲೆ ಎಷ್ಟು ಅಂತ ಕಾಸರಗೋಡು ನಗರದವರನ್ನು ಕೇಳಬೇಕು. ಅವರ ನಲ್ಲಿಗೆ ನೀರು ಬರುವುದು ಪಯಸ್ವಿನಿ ಹೊಳೆಯ ಬಾವಿಕ್ಕೆರೆಯಿಂದ. ಹೊಯ್ಗೆ ಚೀಲದ ತಾತ್ಕಾಲಿಕ ಕಟ್ಟ ಪ್ರತಿವರ್ಷ ಕೈಕೊಟ್ಟು, ಬೇಸಿಗೆಯಲ್ಲಿ ಭರತದ ಜೊತೆ ಉಪ್ಪುನೀರು ಮೇಲೆ ಬಂದು ಅದೇ ನೀರು ನಲ್ಲಿಯಲ್ಲಿ ಬರುತ್ತಿತ್ತು. ಶಾಶ್ವತ ರೆಗ್ಯುಲೇಟರ್ ಆಗುವ ತನಕ ವರ್ಷಗಟ್ಟಲೆ ಜನ ಅದನ್ನೇ ಅನುಭವಿಸಿದರು. ಹಣ ಇದ್ದವರು ಕ್ಯಾನ್ ನೀರು ತಂದರು, ಇಲ್ಲದವರು ಕೊಡ ಹಿಡಿದು ಟ್ಯಾಂಕರಿಗೆ ಕಾದರು.

ಪ್ರವಾಸಿ ಬರುವ ಹೊತ್ತು, ಬಾವಿ ಇಳಿಯುವ ಹೊತ್ತು

ಈಗ ಟೂರಿಸಂಗೆ ಬರುವ. ಮನೆಯಲ್ಲಿ ಒಬ್ಬನಿಗೆ ದಿನಕ್ಕೆ 135 ಲೀಟರ್ ನೀರು ಅಂತ ಕಟ್ಟಡ ಸಂಹಿತೆಯ ಲೆಕ್ಕ. ಹೋಟೆಲಿನಲ್ಲಿ ಒಂದು ಹಾಸಿಗೆಗೆ 180 ಲೀಟರ್, ನಾಲ್ಕು ಸ್ಟಾರಿನಿಂದ ಮೇಲಿನದ್ದಕ್ಕೆ 320 ಲೀಟರ್. ನೂರು ಹಾಸಿಗೆಯ ದೊಡ್ಡ ರಿಸಾರ್ಟ್ ತುಂಬಿದರೆ ದಿನಕ್ಕೆ 32,000 ಲೀಟರ್. ಐದು ಮಂದಿಯ ಮನೆಗಳ ಲೆಕ್ಕ ಹಾಕಿದರೆ ಸುಮಾರು 47 ಮನೆಯ ನೀರು. ಒಂದು ರಿಸಾರ್ಟಿನಿಂದ ಊರು ಮುಳುಗುವುದಿಲ್ಲ. ಪ್ರಶ್ನೆ ಇರುವುದು ಸಮಯದಲ್ಲಿ. ಮಳೆಗಾಲದಲ್ಲಿ ಬೀಚಿಗೆ ಯಾರೂ ಬರುವುದಿಲ್ಲ. ಪ್ರವಾಸಿ ಸೀಸನ್ ಡಿಸೆಂಬರ್‌ನಿಂದ ಮೇ ತನಕ. ಬಾವಿ ಇಳಿಯುವುದೂ, ಅಡಿಕೆ ಮತ್ತು ತೆಂಗಿನ ತೋಟಕ್ಕೆ ನೀರು ಬೇಕಾಗುವುದೂ, ಮದುವೆಗಳು ನಡೆಯುವುದೂ ಅದೇ ಆರು ತಿಂಗಳಲ್ಲಿ. ವಾರ್ಷಿಕ ಮಳೆಯ ಸರಾಸರಿ ತೋರಿಸಿ "ನಮ್ಮಲ್ಲಿ ನೀರಿಗೆ ಬರವೇ ಇಲ್ಲ" ಎನ್ನುವ ಪ್ರಾಜೆಕ್ಟ್ ರಿಪೋರ್ಟ್ ಈ ಆರು ತಿಂಗಳ ಲೆಕ್ಕವನ್ನು ಬಿಟ್ಟುಬಿಡ್ತದೆ.

ಬೇಕಲದ ಅನುಭವ ನಮ್ಮ ಮುಂದೆಯೇ ಉಂಟು. ಕೇಂದ್ರ ಸರಕಾರ 1992ರಲ್ಲಿ ಬೇಕಲವನ್ನು ವಿಶೇಷ ಪ್ರವಾಸೋದ್ಯಮ ಪ್ರದೇಶ ಅಂತ ಘೋಷಿಸಿತು. 1995ರಲ್ಲಿ ಅದಕ್ಕಾಗಿ ಬೇಕಲ ರಿಸಾರ್ಟ್ಸ್ ಅಭಿವೃದ್ಧಿ ನಿಗಮ ಆಯಿತು. ಪಳ್ಳಿಕ್ಕೆರೆ, ಉದುಮ, ಚೆಮ್ನಾಡ್, ಅಜಾನೂರು ಪಂಚಾಯತುಗಳಲ್ಲಿ ರಿಸಾರ್ಟುಗಳಿಗೆ ಜಾಗ ಗುರುತಿಸಿದರು. ಕೆಲವು ಎದ್ದು ನಿಂತು ಕೆಲಸ ಕೊಟ್ಟವು, ಕೆಲವು ವರ್ಷಗಟ್ಟಲೆ ಅರ್ಧಕ್ಕೆ ನಿಂತವು. ಮೂವತ್ತು ವರ್ಷದಲ್ಲಿ ಕೋಟೆ ನೋಡಲು ಬಂದವರು ಲಕ್ಷಗಟ್ಟಲೆ. ಅವರಲ್ಲಿ ಹೆಚ್ಚಿನವರು ಬೆಳಿಗ್ಗೆ ಬಂದು ಸಂಜೆ ಹೋಗುವವರು. ಇಲ್ಲಿ ಉಳಿಯುವುದು ಅವರ ಬಾಟಲಿ, ಪ್ಲೇಟು, ಲಕೋಟೆ. ಅದನ್ನು ಹೆಕ್ಕುವುದು ಮನೆಯಿಂದ ತಿಂಗಳಿಗೆ ಐವತ್ತು ರೂಪಾಯಿ ಪಡೆಯುವ ಹರಿತ ಕರ್ಮ ಸೇನೆಯ ನಮ್ಮ ಊರ ಹೆಂಗಸರು.

ವಲಿಯಪರಂಬದ ಕಥೆ ಬೇರೆ ತರ. ಒಂದು ಕಡೆ ಕಡಲು, ಇನ್ನೊಂದು ಕಡೆ ಹಿನ್ನೀರು, ನಡುವೆ ಪಟ್ಟಿಯಂತಹ ನೆಲ. ಅಲ್ಲಿಯೂ ಪಡನ್ನದಲ್ಲಿಯೂ ನೂರಾರು ಕುಟುಂಬಗಳು ಹಿನ್ನೀರಿನಲ್ಲಿ ಕಲ್ಲುಮ್ಮಕ್ಕಾಯಿ, ನಮ್ಮ ಕಡೆ ಪಚ್ಚಿಲೆ ಎನ್ನುವುದು, ಬೆಳೆಸಿ ಬದುಕುತ್ತಾರೆ. ಪಚ್ಚಿಲೆ ತಿನ್ನುವುದು ನೀರನ್ನು ಸೋಸಿಕೊಂಡು. ನೀರಿನಲ್ಲಿ ಎಂತ ಇದೆಯೋ ಅದು ಅದರ ಹೊಟ್ಟೆಗೂ ಬರ್ತದೆ. ಅದೇ ನೀರಿನಲ್ಲಿ ಹೌಸ್‌ಬೋಟುಗಳು ಓಡುವಾಗ ಡೀಸೆಲ್ ಮತ್ತು ಶೌಚದ ನೀರಿನ ವ್ಯವಸ್ಥೆ ಸರಿಯಾಗಿದೆಯಾ ಎಂಬುದು ಬರೀ ಪರಿಸರವಾದಿಯ ಪ್ರಶ್ನೆಯಲ್ಲ, ಪಚ್ಚಿಲೆ ಮಾರುವ ಹೆಂಗಸಿನ ಹೊಟ್ಟೆಪಾಡಿನ ಪ್ರಶ್ನೆ.

ಬೈಲು ಹೋದರೆ ಬಾವಿ ಹೋಯಿತು

ಕೇರಳದಲ್ಲಿ 1970ರ ದಶಕದ ನಡುವೆ ಭತ್ತದ ಗದ್ದೆ ಇದ್ದದ್ದು ಸುಮಾರು 8.8 ಲಕ್ಷ ಹೆಕ್ಟೇರ್. ಈಗ ಉಳಿದದ್ದು ಎರಡು ಲಕ್ಷ ಹೆಕ್ಟೇರಿನ ಆಚೀಚೆ. ನಮ್ಮ ಬೈಲುಗಳಲ್ಲಿ ಏಣೆಲು, ಸುಗ್ಗಿ, ಕೊಳಕೆ ಅಂತ ಮೂರು ಬೆಳೆ ತೆಗೆದದ್ದನ್ನು ನಮ್ಮ ಅಪ್ಪಂದಿರು ಕಣ್ಣಾರೆ ಕಂಡವರು. ಕೂಲಿಗೆ ಜನ ಇಲ್ಲ, ಅಕ್ಕಿಗೆ ಬೆಲೆ ಇಲ್ಲ, ಗದ್ದೆ ನಷ್ಟ, ಇದೆಲ್ಲ ನಿಜ. ಆದರೆ ಗದ್ದೆಯ ಲೆಕ್ಕ ಅಕ್ಕಿಯಲ್ಲಿ ಮುಗಿಯುವುದಿಲ್ಲ. ಏಣೆಲಿನಲ್ಲಿ ತಿಂಗಳುಗಟ್ಟಲೆ ನೀರು ನಿಲ್ಲಿಸಿದ ಗದ್ದೆ ಸುತ್ತಲಿನ ಎಲ್ಲ ಬಾವಿಗಳಿಗೆ ನೀರು ಕಳಿಸುತ್ತಿತ್ತು. ಗದ್ದೆಯವನಿಗೆ ಅದಕ್ಕೆ ಯಾರೂ ಬಾಡಿಗೆ ಕೊಡಲಿಲ್ಲ. ಬೈಲಿಗೆ ಕೆಂಪುಮಣ್ಣು ತುಂಬಿಸಿ ಸೆಂಟ್ಸ್ ಲೆಕ್ಕದಲ್ಲಿ ಮಾರಿದಾಗ ಅವನಿಗೆ ಹಣ ಸಿಕ್ಕಿತು, ಸುತ್ತಲಿನ ಬಾವಿಗಳಿಗೆ ಬರುವ ನೀರು ನಿಂತಿತು. ತೋಡು ಮುಚ್ಚಿದ ಕಡೆ ಮಳೆಗಾಲದಲ್ಲಿ ಅದೇ ನೀರು ಮನೆಯೊಳಗೆ ಬಂತು.

ಇದನ್ನು ತಡೆಯಲೆಂದೇ 2008ರಲ್ಲಿ ಕೇರಳ ಭತ್ತದ ಗದ್ದೆ ಮತ್ತು ತೇವಭೂಮಿ ಸಂರಕ್ಷಣಾ ಕಾಯ್ದೆ ಬಂತು. ಪ್ರತಿ ಪಂಚಾಯತಿನ ಗದ್ದೆಗಳನ್ನು ಡೇಟಾ ಬ್ಯಾಂಕ್‌ನಲ್ಲಿ ಸೇರಿಸಬೇಕು, ಅವುಗಳನ್ನು ತುಂಬಿಸಬಾರದು. 2018ರ ತಿದ್ದುಪಡಿಯ ನಂತರ, ದಾಖಲೆಯಲ್ಲಿ 'ನಿಲಂ' ಅಂತ ಇದ್ದು ಡೇಟಾ ಬ್ಯಾಂಕ್‌ನಲ್ಲಿ ಇಲ್ಲದ ಜಾಗವನ್ನು ಶುಲ್ಕ ಕಟ್ಟಿ ಬದಲಾಯಿಸಲು ದಾರಿಯಾಯಿತು. ಹಾಗಾಗಿ ಪಟ್ಟಿಯಲ್ಲಿ ಯಾವುದು ಉಂಟು, ಯಾವುದು ಬಿಟ್ಟುಹೋಗಿದೆ ಎಂಬುದರ ಮೇಲೆಯೇ ಬೈಲಿನ ಹಣೆಬರಹ ನಿಂತಿದೆ.

ಇಲ್ಲಿ ಕನ್ನಡಿಗರಾದ ನಮಗೆ ಇನ್ನೊಂದು ತೊಡಕು. ನಿಲಂ, ಪುರಯಿಡಂ ಅಂತ ಮಲಯಾಳದಲ್ಲಿ ಬರುವ ಪಟ್ಟಿ ಮತ್ತು ನೋಟೀಸನ್ನು ಕನ್ನಡ ಮೀಡಿಯಂನಲ್ಲಿ ಓದಿದ ಕೃಷಿಕ ಓದುವುದು ಹೇಗೆ? ಆಕ್ಷೇಪ ಹಾಕುವ ದಿನ ಮುಗಿದ ಮೇಲೆ ಬೇರೆಯವರ ಬಾಯಿಂದ ವಿಷಯ ಗೊತ್ತಾಗ್ತದೆ. ಭಾಷಾ ಅಲ್ಪಸಂಖ್ಯಾತ ಪ್ರದೇಶದಲ್ಲಿ ಕನ್ನಡದಲ್ಲಿ ಮಾಹಿತಿ ಕೇಳುವುದು ನಮ್ಮ ಹಕ್ಕು. ಭಾಷೆಯ ಹೋರಾಟ ಅಂದರೆ ಶಾಲೆ ಮತ್ತು ಬೋರ್ಡು ಮಾತ್ರ ಅಲ್ಲ, ಜಾಗದ ಪಟ್ಟಿಯೂ ಕನ್ನಡದಲ್ಲಿ ಬರಬೇಕು.

ಹಣ ಹಾಕುವವರಿಗೆ ಒಂದು ಮಾತು

ಗಲ್ಫಿನಿಂದ ಬಂದ ಉಳಿತಾಯವನ್ನು ಬೀಚ್ ಬದಿಯ ಹೋಂಸ್ಟೇಗೆ ಹಾಕುವ ಯೋಚನೆ ನಮ್ಮಲ್ಲಿ ಹಲವರಿಗೆ ಉಂಟು. ಅವರು 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯನ್ನು ಓದಬೇಕು. ಗ್ರಾಮೀಣ ಪ್ರದೇಶದಲ್ಲಿ 2011ರ ಗಣತಿ ಪ್ರಕಾರ ಚದರ ಕಿಲೋಮೀಟರಿಗೆ 2,161 ಜನಕ್ಕಿಂತ ಹೆಚ್ಚು ಇರುವಲ್ಲಿ ಭರತರೇಖೆಯಿಂದ 50 ಮೀಟರ್, ಕಡಿಮೆ ಇರುವಲ್ಲಿ 200 ಮೀಟರ್ ಕಟ್ಟಡ ನಿಷೇಧ. ತಾತ್ಕಾಲಿಕ ಶೆಡ್ಡು, ಶೌಚಾಲಯದಂತಹ ಪ್ರವಾಸಿ ಸೌಕರ್ಯಕ್ಕೆ ಮಾತ್ರ ಕೆಲವು ವಿನಾಯಿತಿ. ಪಂಚಾಯತಿನ ಲೈಸೆನ್ಸ್ ಕೈಯಲ್ಲಿದ್ದರೆ ಸಾಕು ಅಂತ ನಂಬಬೇಡಿ. ಕೊಚ್ಚಿಯ ಮರಡಿನಲ್ಲಿ ಪರವಾನಗಿ ಪಡೆದು ಕಟ್ಟಿದ ನಾಲ್ಕು ಫ್ಲ್ಯಾಟ್ ಸಮುಚ್ಚಯಗಳನ್ನು ಸುಪ್ರೀಂ ಕೋರ್ಟಿನ ಆದೇಶದಂತೆ 2020ರ ಜನವರಿಯಲ್ಲಿ ಸ್ಫೋಟಿಸಿ ಕೆಡವಿದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ. ಉಪ್ಪಳದ ಮೂಸೋಡಿಯಲ್ಲಾಗಲಿ ತೃಕ್ಕನ್ನಾಡಿನಲ್ಲಾಗಲಿ ಕಡಲ್ಕೊರೆತ ನೋಡಿದವರಿಗೆ ಈ ಕಾನೂನು ಯಾಕೆ ಬೇಕು ಎಂದು ಬೇರೆ ಹೇಳಬೇಕಾಗಿಲ್ಲ.

ಸಣ್ಣ ಜಾಗದ ವಿಷಯವೂ ಉಂಟು. ಶೌಚದ ಗುಂಡಿಗೂ ಬಾವಿಗೂ ಕನಿಷ್ಠ ಏಳೂವರೆ ಮೀಟರ್ ಅಂತರ ಬೇಕು ಅಂತ ಕಟ್ಟಡ ನಿಯಮ ಹೇಳ್ತದೆ. ಐದು ಸೆಂಟ್ಸ್ ಅಂದರೆ ಹೆಚ್ಚುಕಡಿಮೆ 14 ಮೀಟರ್ ಉದ್ದ, 14 ಮೀಟರ್ ಅಗಲ. ಅದರಲ್ಲಿ ಮನೆ ಕಟ್ಟಿ, ಸ್ವಂತ ಬಾವಿಗೂ ನಾಲ್ಕು ಬದಿಯ ನೆರೆಯವರ ಬಾವಿಗೂ ಏಳೂವರೆ ಮೀಟರ್ ಬಿಟ್ಟು ಗುಂಡಿ ತೋಡಲು ಎಲ್ಲಿ ಜಾಗ? ಹೊಯ್ಗೆ ನೆಲದಲ್ಲಿ ಗುಂಡಿಯ ನೀರು ಬಾವಿಗೆ ಸೇರಲು ಹೆಚ್ಚು ದಿನ ಬೇಡ. ಇಂಥ ಪ್ಲಾಟಿನ ಮನೆಯಲ್ಲಿ ಮಾಳಿಗೆ ಎಬ್ಬಿಸಿ ಪ್ರವಾಸಿಗಳಿಗೆ ಕೊಟ್ಟರೆ ಗುಂಡಿಯ ಭಾರ ಎರಡು ಪಟ್ಟು ಆಗ್ತದೆ.

ನಾವು ಕೇಳಬೇಕಾದ್ದು, ಮಾಡಬೇಕಾದ್ದು

ಟೂರಿಸಂ ಬೇಡ ಎಂದರೆ ಕೆಲಸ ಕೇಳುವ ಹುಡುಗರು ನಮ್ಮ ಮಾತಿಗೆ ಕಿವಿ ಕೊಡುವುದಿಲ್ಲ. ಎಲ್ಲದಕ್ಕೂ ಹೂಂ ಅಂದರೆ ನೀರು ಹೊರುವ ಹೆಂಗಸರು ನಮ್ಮನ್ನು ಕ್ಷಮಿಸುವುದಿಲ್ಲ. ಹಾಗಾಗಿ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬಹುದಾದ ನಾಲ್ಕು ಮಾತು ಹೇಳುತ್ತೇನೆ.

ಒಂದು, ಯಾವುದೇ ರಿಸಾರ್ಟ್, ದೊಡ್ಡ ಹಾಲ್ ಅಥವಾ ಫ್ಲ್ಯಾಟಿಗೆ ಅನುಮತಿ ಕೊಡುವ ಮೊದಲು ಎಪ್ರಿಲ್-ಮೇ ತಿಂಗಳ ನೀರು ಎಲ್ಲಿಂದ, ಕೊಳಕು ನೀರು ಎಲ್ಲಿಗೆ ಎಂದು ಬರವಣಿಗೆಯಲ್ಲಿ ಕೇಳಬೇಕು. ಎರಡು, ಸುತ್ತಲಿನ ಬಾವಿಗಳ ಮಟ್ಟ ಮತ್ತು ಉಪ್ಪಿನ ಅಂಶವನ್ನು ತಿಂಗಳಿಗೊಮ್ಮೆ ಅಳೆದು ಪಂಚಾಯತ್ ಬೋರ್ಡಿನಲ್ಲಿ ಹಾಕಬೇಕು. ಇದಕ್ಕೆ ಬೇಕಾದ ಸಣ್ಣ ಮೀಟರಿಗೆ ದೊಡ್ಡ ಬೆಲೆ ಏನಿಲ್ಲ, ಪ್ಲಸ್ ಟು ಓದುವ ಮಕ್ಕಳೂ ಅಳೆಯಬಹುದು. ಮೂರು, ಪ್ರವಾಸಿಗಳಿಂದ ಬರುವ ಪಾರ್ಕಿಂಗ್ ಮತ್ತು ಪ್ರವೇಶ ಶುಲ್ಕದಲ್ಲಿ ಒಂದು ಪಾಲು ಕಟ್ಟ ಮತ್ತು ಮದಕಗಳಿಗೆ, ಹಾಗೂ ಗದ್ದೆ ಬಿಡದೆ ಬೇಸಾಯ ಮಾಡುವವನಿಗೆ ಹೋಗಬೇಕು. ನಾಲ್ಕು, ನೋಟೀಸು, ಪಟ್ಟಿ, ನಕ್ಷೆ ಎಲ್ಲವೂ ಕನ್ನಡದಲ್ಲೂ ಬರಬೇಕು.

ಸರಕಾರ ಮಾಡುವ ತನಕ ಕಾಯಬೇಕಾಗಿಲ್ಲದ ಕೆಲಸವೂ ಉಂಟು. ಒಂದು ಸಾವಿರ ಚದರ ಅಡಿಯ ಚಾವಣಿಯ ಮೇಲೆ ನಮ್ಮ ಮಳೆಗೆ ವರ್ಷಕ್ಕೆ ಮೂರು ಲಕ್ಷ ಲೀಟರಿಗೂ ಹೆಚ್ಚು ನೀರು ಬೀಳ್ತದೆ. ಐದರಲ್ಲಿ ನಾಲ್ಕು ಪಾಲು ಹಿಡಿದರೂ 2.6 ಲಕ್ಷ ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರಿನ ಲೆಕ್ಕದಲ್ಲಿ 52 ಟ್ಯಾಂಕರ್. ಒಂದು ಪೈಪು, ಒಂದು ಸೋಸುವ ಡ್ರಮ್ಮು ಇಟ್ಟು ಅದನ್ನು ಬಾವಿಗೆ ಇಳಿಸಬಹುದು. ಹೊಸ ಕಟ್ಟಡಗಳಿಗೆ ಮಳೆಕೊಯ್ಲು ಕಡ್ಡಾಯ ಅಂತ ಕೇರಳದಲ್ಲಿ 2004ರಿಂದಲೇ ನಿಯಮ ಉಂಟು, ಹೆಚ್ಚಿನ ಕಡೆ ಅದು ಪ್ಲ್ಯಾನಿನ ಕಾಗದದಲ್ಲೇ ಉಳಿದಿದೆ. ನಮ್ಮ ಮಸೀದಿ, ಮದ್ರಸ, ಶಾಲೆ, ಮದುವೆ ಹಾಲ್‌ಗಳ ಚಾವಣಿ ಸಾವಿರ ಚದರ ಅಡಿಗಿಂತ ಎಷ್ಟೋ ದೊಡ್ಡದು. ಜಮಾಅತ್ ಕಮಿಟಿಗಳು ಬರುವ ಮಳೆಗಾಲದ ಮೊದಲು ತಮ್ಮ ಕಟ್ಟಡಕ್ಕೆ ಪೈಪು ಹಾಕಿಸಿದರೆ, ವುಳೂ ಮಾಡಿದ ನೀರನ್ನು ಚರಂಡಿಗೆ ಬಿಡುವ ಬದಲು ಇಂಗುಗುಂಡಿಗೆ ಬಿಟ್ಟರೆ, ಮಹಲ್ಲಿನ ಉಳಿದ ಮನೆಗಳು ನೋಡಿ ಕಲಿಯುತ್ತವೆ. ಕ್ಲಬ್ಬಿನ ಹುಡುಗರು ಒಂದು ಭಾನುವಾರದ ಕ್ರಿಕೆಟ್ ಬಿಟ್ಟು ನವೆಂಬರಿನಲ್ಲಿ ಊರ ತೋಡಿಗೆ ಒಂದು ಕಟ್ಟ ಹಾಕಬಹುದು. ಅದಕ್ಕೆ ಬೇಕಾದ್ದು ಕಲ್ಲು, ಮಣ್ಣು, ಅಡಿಕೆ ಸಲಾಕೆ ಮತ್ತು ಇಪ್ಪತ್ತು ಕೈ.

ಗ್ರಾಮಸಭೆಯ ನೋಟೀಸು ಬಂದಾಗ ಅರ್ಧ ದಿನ ಅಂಗಡಿಗೆ ರಜೆ ಹಾಕಿಯಾದರೂ ಹೋಗಿ. ಬೀಚಿನ ಲೈಟಿಗೆ, ಸೆಲ್ಫಿ ಪಾಯಿಂಟಿಗೆ ಎಷ್ಟು ಲಕ್ಷ ಇಟ್ಟಿದ್ದಾರೆ ಎಂದು ಓದುವಾಗ ನಿಮ್ಮ ವಾರ್ಡಿನ ಬಾವಿಗಳ ಉಪ್ಪು ಅಳೆಯಲು ಎಷ್ಟು ಇಟ್ಟಿದ್ದಾರೆ ಎಂದು ಕೇಳಿ. ಉತ್ತರ ಸೊನ್ನೆ ಅಂತ ಬಂದರೆ, ಆ ಸೊನ್ನೆಯನ್ನು ಮಿನಿಟ್ಸ್ ಪುಸ್ತಕದಲ್ಲಿ ಬರೆಸಿ ಬನ್ನಿ.